ಆಲದ ಗಿಡದ ಖಾಲಿ ಗಂಟು

ದನದ ದವಾಖಾನೆಗೆ ಹೊಸದಾಗಿ ಸೇರುವ ಹುಡುಗರು ಮೊದಲು ಕೇಳುವುದು ಇಂಜೆಕ್ಷನ್ ಹೇಗೆ ಮಾಡಬೇಕು ಎಂದು. ಅದನ್ನು ಯಾರು ಬೇಕಾದರೂ ಕಲಿಯುತ್ತಾರೆ. ವರ್ಷಗಟ್ಟಲೆ ಹಿಡಿಯುವ ವಿದ್ಯೆ ಬೇರೆಯೇ ಇದೆ. ಕಣ್ಣಿಗೆ ಕಾಣದ ಜಾಗದಲ್ಲಿ ಕೈ ಇಟ್ಟು, ಅಲ್ಲಿ ಏನಿದೆ ಎಂದು ಬೆರಳಿನಿಂದ ತಿಳಿಯುವುದು. ನಾನು ಆರನೆಯ ಇಯತ್ತೆಗೆ ಸಾಲಿ ಬಿಟ್ಟವನು. ಆಮೇಲೆ ಓದಿದ್ದೆಲ್ಲ ಎಮ್ಮೆ, ಆಕಳು, ಆಡು, ಕುರಿಗಳ ಹೊಟ್ಟೆಯೊಳಗೆ. ಇದನ್ನು ನಾಚಿಕೆಪಟ್ಟು ಹೇಳುತ್ತಿಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಈ ಮೂರೂ ಕಡೆಯ ದನಗಳಿಗೆ ನನ್ನ ಬಲಗೈ ಗೊತ್ತು. ಯಾವಾಗ ಯಾವ ಹುದ್ದೆ ಸಿಕ್ಕಿತು ಎಂಬುದು ಪೆನ್ಶನ್ ಕಾಗದದಲ್ಲಿದೆ, ಇಲ್ಲಿ ಬರೆಯುವುದಿಲ್ಲ.

ಇಲ್ಲಿ ಬರೆಯುವುದು ಮಾಸಿನ ಬಗ್ಗೆ. ಕರು ಹೊರಗೆ ಬಂದ ಮೇಲೆ ಹಿಂದಿನಿಂದ ಬೀಳುವ ಆ ಕೆಂಪು ಚೀಲಕ್ಕೆ ನಾವು ಮಾಸು ಎನ್ನುತ್ತೇವೆ. ಕರುವನ್ನು ತಿಂಗಳುಗಟ್ಟಲೆ ಹಿಡಿದಿಟ್ಟು, ಉಣಿಸಿ, ಉಸಿರು ಕೊಟ್ಟು, ಕೊನೆಗೆ ಕಸವಾಗಿ ಬೀಳುವ ವಸ್ತು ಅದು. ಕರುವನ್ನು ನೋಡಲು ಓಣಿಯ ಮಂದಿಯೆಲ್ಲ ಬರುತ್ತಾರೆ. ಮಾಸನ್ನು ನೋಡುವವನು ನಾನೊಬ್ಬನೇ ಇರುತ್ತಿದ್ದೆ.

ಎಮ್ಮೆಯ ಮಾಸು ಗರ್ಭಕೋಶಕ್ಕೆ ಗುಂಡಿ ಹಾಕಿದಂತೆ ಅಂಟಿಕೊಂಡಿರುತ್ತದೆ. ನಾನು ಸೇರಿದ ಕಾಲದಲ್ಲಿ, ಅದು ತಾನಾಗಿ ಬೀಳದಿದ್ದರೆ ಭುಜದವರೆಗೆ ಕೈ ಹಾಕಿ ಅಂಗಿಯ ಗುಂಡಿ ಬಿಚ್ಚಿದಂತೆ ಒಂದೊಂದಾಗಿ ಬಿಚ್ಚುತ್ತಿದ್ದೆವು. ನನ್ನ ಮೊದಲ ಸಾಹೇಬರು, ಅಂದರೆ ದವಾಖಾನೆಯ ದನದ ಡಾಕ್ಟರು, ಎದುರಿಗೆ ಸ್ಟೂಲ್ ಹಾಕಿಕೊಂಡು ಕೂತು ಕಲಿಸಿದರು.

"ಹಣಮಂತ, ಜಗ್ಗಬ್ಯಾಡ. ಹೆಂಡ್ತಿ ಸಿಟ್ಟಾದಾಗ ಹೆಂಗ ರಮಸ್ತಿ, ಹಂಗ ಬಿಡಸು."

"ಸಾಹೇಬ್ರ, ನಂದಿನ್ನೂ ಲಗ್ನ ಆಗಿಲ್ರಿ."

"ಹಂಗಾರ ಇಲ್ಲೇ ಕಲಿ. ಮುಂದ ಉಪಯೋಗ ಬರ್ತೈತಿ."

ಈಗ ಆ ಪದ್ಧತಿ ಹೋಗಿದೆ. ಕೈ ಹಾಕಿ ಬಿಡಿಸಿದರೆ ಒಳಗೆ ಗಾಯವಾಗಿ ಎಮ್ಮೆ ಮತ್ತೆ ಗರ್ಭ ಕಟ್ಟುವುದಿಲ್ಲ, ಕಾಯಬೇಕು, ಜ್ವರ ಬಂದರೆ ಔಷಧ ಕೊಡಬೇಕು ಎನ್ನುತ್ತಾರೆ. ಅದೇ ಸರಿ. ಆದರೆ ಕಾಯುವುದು ಕೈ ಹಾಕುವುದಕ್ಕಿಂತ ಕಷ್ಟದ ಕೆಲಸ ಎಂದು ಪುಸ್ತಕದಲ್ಲಿ ಬರೆದಿರುವುದಿಲ್ಲ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಎಮ್ಮೆಗೆ ಒಂದು ವಿಶೇಷ ದನಿ ಇದೆ. ಬಾಯಿ ತೆರೆಯದೆ, ಗಂಟಲಿನ ಆಳದಿಂದ, ದೂರದಲ್ಲಿ ಯಾರೋ ಬೀಸುಕಲ್ಲು ತಿರುವಿದಂತೆ ಗುರುಗುಡುತ್ತದೆ. ಆಗತಾನೆ ಹುಟ್ಟಿದ ಕರುವಿಗಲ್ಲದೆ ಬೇರೆ ಯಾರಿಗೂ ಅದು ಆ ದನಿ ಮಾಡುವುದಿಲ್ಲ ಎಂದು ನಾನು ನಂಬಿದ್ದೆ. ಬಾಗಲಕೋಟೆಯ ಹಳೆಯ ಊರಿಗೆ ಅಣೆಕಟ್ಟಿನ ಹಿನ್ನೀರು ಬಂದು ನಮ್ಮನ್ನೆಲ್ಲ ನವನಗರಕ್ಕೆ ಎಬ್ಬಿಸಿದಾಗ ಆ ನಂಬಿಕೆ ಅಲುಗಾಡಿತು. ಹೊಸ ಕೊಟ್ಟಿಗೆಯಿಂದ ಹಗ್ಗ ಹರಿದುಕೊಂಡ ಎಮ್ಮೆಗಳನ್ನು ಹುಡುಕುತ್ತ ಹೋದರೆ, ಅವು ನೀರಿನ ದಂಡೆಯಲ್ಲಿ ಸಾಲಾಗಿ ನಿಂತಿರುತ್ತಿದ್ದವು. ನೀರು ಕುಡಿಯುತ್ತಿರಲಿಲ್ಲ, ಮೈ ನೆನೆಸುತ್ತಿರಲಿಲ್ಲ. ನೀರಿನ ಕಡೆ ಮುಖ ಮಾಡಿ ಆ ದನಿ ಮಾಡುತ್ತಿದ್ದವು.

"ಅವುಗಳ ಕೊಟ್ಟಿಗಿ ಅಡ್ಯಾಗ ಮುಳಗೈತಲ್ಲ, ಅದಕ್ಕ" ಎಂದರು ಸಾಹೇಬರು.

"ಆದ್ರ ಇದು ಕೊಟ್ಟಿಗೀಗೆ ಮಾಡೂ ದನಿ ಅಲ್ರಿ. ಕರಕ್ಕ ಮಾಡೂದು."

ಸಾಹೇಬರು ಎಮ್ಮೆಗಳನ್ನು ಹೊಡೆದುಕೊಂಡು ಬಾ ಎಂದರು. ಆ ಎಮ್ಮೆಗಳ ಮಾಸುಗಳನ್ನೆಲ್ಲ ಹಳೆಯ ಊರಿನ ಹಿತ್ತಿಲುಗಳಲ್ಲೇ ಹುಗಿದಿದ್ದರು. ನನ್ನ ಮಾಸನ್ನೂ ಅವ್ವ ನಮ್ಮ ಮನೆಯ ಬಚ್ಚಲ ಹಿಂದೆ ಹುಗಿದಿದ್ದಳು. ಆ ಬಚ್ಚಲೂ ಅದೇ ನೀರಿನ ಅಡಿಯಲ್ಲಿತ್ತು. ಅಂದು ನಾನು ಎಮ್ಮೆಗಳ ಸಾಲಿನಲ್ಲಿ ನಿಂತು ನೀರು ನೋಡಿ, ಆಮೇಲೆ ಅವನ್ನು ಹೊಡೆದುಕೊಂಡು ಬಂದೆ.

ಆಮೇಲೆ ಹುನಗುಂದಕ್ಕೆ ವರ್ಗವಾಯಿತು. ಇಳಕಲ್ಲಿನ ರಸ್ತೆ ಬಿಟ್ಟು ಒಳಗೆ ಹೋದರೆ ಒಂದು ಸಣ್ಣ ಊರು, ಊರಿಗೆ ಮೊದಲು ಒಂದು ದೊಡ್ಡ ಆಲದ ಗಿಡ. ಮೊದಲ ದಿನ ಸೈಕಲ್ ಮೇಲೆ ಅದರ ಕೆಳಗೆ ಹಾಯ್ದಾಗ, ಟೊಂಗೆಗಳಿಗೆ ಯಾರೋ ಬುತ್ತಿ ಕಟ್ಟಿಟ್ಟಿದ್ದಾರೆ ಎಂದುಕೊಂಡೆ. ಹರಕು ಚೀಲದಲ್ಲಿ, ಹಳೆಯ ಸೀರೆಯ ತುಂಡಿನಲ್ಲಿ, ಹುಲ್ಲಿನ ಸಿಂಬಿಯಲ್ಲಿ ಕಟ್ಟಿದ ಗಂಟುಗಳು. ಕೆಲವು ಒಣಗಿ ಗಾಳಿಗೆ ತಿರುಗುತ್ತಿದ್ದವು, ಕೆಲವು ಹಸಿಯಾಗಿದ್ದು ಅಲುಗದೆ ತೂಗುಬಿದ್ದಿದ್ದವು. ಕೆಳಗೆ ನಾಯಿಗಳು ಮುಖ ಮೇಲೆ ಮಾಡಿ ಕೂತಿದ್ದವು. ಅವೆಲ್ಲ ಆ ಊರಿನ ದನಗಳ ಮಾಸುಗಳು. ಮುರಿದರೆ ಹಾಲು ಬರುವ ಗಿಡಕ್ಕೆ ಕಟ್ಟಿದರೆ ದನಕ್ಕೆ ಹಾಲು ಏರುತ್ತದೆ, ನೆಲಕ್ಕೆ ಬಿದ್ದು ನಾಯಿ ಮುಟ್ಟಿದರೆ ಕೆಚ್ಚಲು ಬತ್ತುತ್ತದೆ ಎಂದು ಅಲ್ಲಿಯವರ ನಂಬಿಕೆ. ಯಾವ ಗಂಟು ಯಾವ ಎಮ್ಮೆಯದು ಎಂದು ಪ್ರತಿ ಮನೆಯವರಿಗೂ ಗೊತ್ತಿರುತ್ತಿತ್ತು.

ನನ್ನ ನಿವೃತ್ತಿ ಹತ್ತಿರ ಬಂದಾಗ ಒಂದು ವಿಶ್ವವಿದ್ಯಾಲಯದಿಂದ ಡಾಕ್ಟರ್ ವಿಜಯಾ ಎಂಬವರು ಬಂದರು. ಮೈಸೂರು ಕಡೆಯವರು. ದನದ ಡಾಕ್ಟರಲ್ಲ, ವಂಶವಾಹಿಗಳನ್ನು, ಅಂದರೆ ಜೀನುಗಳನ್ನು ಅಭ್ಯಾಸ ಮಾಡುವವರು. ಮರಿಯನ್ನು ಹೊಟ್ಟೆಯೊಳಗೇ ಉಣಿಸಿ ಬೆಳೆಸುವ ಅಂಗ ಬೇರೆ ಬೇರೆ ಪ್ರಾಣಿಗಳಲ್ಲಿ ಹೇಗೆ ಮತ್ತೆ ಮತ್ತೆ ಹುಟ್ಟಿಕೊಂಡಿತು ಎಂಬುದು ಅವರ ಪ್ರಶ್ನೆ. ಅದಕ್ಕೆ ಹಸಿ ಮಾಸು ಬೇಕು, ಬಿದ್ದ ಕೂಡಲೇ ಬೇಕು. ಅವರ ಜೊತೆ ಓಡಾಡುವ ಕೆಲಸ ನನಗೆ ಬಂತು. ಆ ದಿನಗಳಲ್ಲಿ ಕಂಡದ್ದನ್ನು ಮರೆಯಲು ಆಗಿಲ್ಲ.

ಬಾದಾಮಿ ಹತ್ತಿರ ಶೇಂಗಾ ಹೊಲದಲ್ಲಿ ಒಬ್ಬರು ಕೊಳಕುಮಂಡಲ ಹಾವನ್ನು ಹೊಡೆದಿದ್ದರು. ಡಾಕ್ಟರು ಅಲ್ಲೇ ತಾಡಪತ್ರಿ ಹಾಸಿ ಹೊಟ್ಟೆ ಕೊಯ್ದರು. ಈ ಹಾವು ತತ್ತಿ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ. ಒಳಗೆ ಎಣ್ಣೆಕಾಗದದಂಥ ಪೊರೆಯಲ್ಲಿ ಸುರುಳಿ ಸುತ್ತಿದ ಮರಿಗಳಿದ್ದವು. ತಾಯಿ ಸತ್ತಿತ್ತು, ಅವು ಸತ್ತಿರಲಿಲ್ಲ. ಚಿಮಟ ಹತ್ತಿರ ಹೋದಾಗ ಒಂದು ಮರಿ ಪೊರೆಯೊಳಗಿಂದಲೇ ಆ ಕಡೆ ತಲೆ ಹೊರಳಿಸಿ ಬಾಯಿ ತೆರೆಯಿತು. ಇನ್ನೂ ಹುಟ್ಟಿರದ ಜೀವ ಆಗಲೇ ಕಚ್ಚಲು ನೋಡುತ್ತಿತ್ತು.

ಇಳಕಲ್ಲಿನ ಕೆಂಪು ಕಲ್ಲಿನ ಕ್ವಾರಿಯಲ್ಲಿ ಸಿಕ್ಕ ಕರಿ ಚೇಳು ಅದಕ್ಕಿಂತ ಹೆಚ್ಚಿನ ಅಚ್ಚರಿ. ಡಾಕ್ಟರು ಭೂತಗನ್ನಡಿ ನನ್ನ ಕೈಗೆ ಕೊಟ್ಟರು. ಚೇಳಿನ ಹೊಟ್ಟೆಯೊಳಗೆ ಸಾಲಾಗಿ ಸಣ್ಣ ಚೀಲಗಳು, ಚೀಲಕ್ಕೊಂದು ಬಿಳಿ ಮರಿ. ಪ್ರತಿ ಚೀಲದ ತುದಿಯಿಂದ ಒಂದು ಎಳೆ ಇಳಿದು ಮರಿಯ ಬಾಯಿಯೊಳಗೆ ಹೋಗಿತ್ತು. ಮರಿ ಅದನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿದಿತ್ತು.

"ಹೊಟ್ಟೀ ಒಳಗ ಮಲಿ ಅದಾವಲ್ರಿ" ಎಂದೆ.

"ಹೌದು, ಸುಮಾರು ಹಾಗೇ" ಎಂದರು.

"ಇವೆಲ್ಲಾ ಒಂದನ್ನ ನೋಡಿ ಒಂದು ಕಲತಾವೇನ್ರಿ?"

"ಇಲ್ಲ ಹಣಮಂತಪ್ಪನವರೇ. ಹಾವು ತಾನೇ ಮಾಡ್ಕೊಂಡಿತು, ಚೇಳು ತಾನೇ, ಎಮ್ಮೆಯ ಪೂರ್ವಜರು ತಾವೇ. ಹಾವು ಹಲ್ಲಿಗಳ ಕುಲದಲ್ಲಂತೂ ಎಷ್ಟೋ ಸಲ, ಬೇರೆ ಬೇರೆಯಾಗಿ."

"ಮತ್ತ ಒಂದ ನಮೂನಿ ಯಾಕಾತು?"

"ಹೊಸ ಕೆಲಸಕ್ಕೆ ಹೊಸ ಜೀನು ಬರೋದು ಕಡಿಮೆ. ರಕ್ತನಾಳ ಬೆಳೆಸೋದು, ತತ್ತಿಗೆ ಚಿಪ್ಪು ಕಟ್ಟೋದು, ರೋಗ ತಡೆಯೋದು, ಹೀಗೆ ಬೇರೆ ಕೆಲಸದಲ್ಲಿದ್ದ ಹಳೆಯ ಜೀನುಗಳನ್ನೇ ಈ ಜಾಗದಲ್ಲಿ ಎಬ್ಬಿಸ್ತವೆ. ಎಷ್ಟು ಸಲ ಎಬ್ಬಿಸಿದರೂ ಏಳೋರಲ್ಲಿ ಕೆಲವರು ಅವರೇ ಆಗಿರ್ತಾರೆ."

ಅಂದಿನಿಂದ ನನಗೆ ಒಂದು ರೂಢಿ ಬಿದ್ದಿತು. ಯಾವ ಪ್ರಾಣಿಯ ಬಸಿರು ಕಂಡರೂ, ಒಳಗೆ ಯಾರೋ ಹಳಬರು ಎದ್ದು ಕೂತಿದ್ದಾರೆ ಅನ್ನಿಸುತ್ತಿತ್ತು.

ಆಲದ ಗಿಡದ ಆ ಊರಲ್ಲಿ ನೀಲವ್ವ ಎಂಬ ಹೆಣ್ಣುಮಗಳಿದ್ದಳು. ತವರು ಇಳಕಲ್, ನೇಕಾರರ ಮನೆ. ಲಗ್ನವಾಗಿ ಬರುವಾಗ ತವರಿನವರು ಒಂದು ಎಮ್ಮೆಗರು ಕೊಟ್ಟು ಕಳಿಸಿದ್ದರು. ಅದರ ಹೆಸರು ಗಂಗಿ. ಗಂಗಿ ದೊಡ್ಡದಾಗಿ ಎರಡು ಸಲ ಗರ್ಭ ಕಟ್ಟಿ, ಎರಡು ಸಲವೂ ದಿನ ತುಂಬುವ ಮೊದಲೇ ಕಂದು ಹಾಕಿತ್ತು. ಹಾಗೆ ಬಿದ್ದದ್ದನ್ನು ಗಿಡಕ್ಕೆ ಕಟ್ಟಬಾರದು, ರೋಗವಿದ್ದರೆ ದನಕ್ಕೂ ಹಬ್ಬುತ್ತದೆ, ಮನುಷ್ಯರಿಗೂ ಹಬ್ಬುತ್ತದೆ. ಎರಡು ಸಲವೂ ನಾನೇ ಗಿಡದ ಆಚೆಯ ಕಲ್ಲುನೆಲದಲ್ಲಿ ಆಳವಾಗಿ ತೋಡಿ, ಸುಣ್ಣ ಹಾಕಿ, ಕರುವನ್ನೂ ಮಾಸನ್ನೂ ಹುಗಿದಿದ್ದೆ. ರಕ್ತ ಪರೀಕ್ಷೆಯಲ್ಲಿ ರೋಗ ಕಾಣಲಿಲ್ಲ. ಈಗ ಮೂರನೆಯ ಬಸಿರು.

"ಈ ಸಲಾನೂ ಹಂಗ ಮಾಡಿದ್ರ ಅಮೀನಗಡ ಸಂತಿಗೆ ಹೊಡೀತೇನಿ. ಬರೇ ಮೇವು ತಿನ್ನಾಕ ಇಟ್ಕೊಳ್ಳೂದು ನನ್ನಿಂದ ಆಗೂದಿಲ್ಲ" ಎಂದಿದ್ದ ಅವಳ ಗಂಡ ಶಿವಪ್ಪ. ಗರ್ಭ ನಿಲ್ಲದ ಎಮ್ಮೆಯನ್ನು ಸಂತೆಯಲ್ಲಿ ಕೊಳ್ಳುವವರು ಯಾರು, ಕೊಂಡು ಎಲ್ಲಿಗೆ ಒಯ್ಯುತ್ತಾರೆ ಎಂದು ನಮ್ಮ ಮೂವರಿಗೂ ಗೊತ್ತಿತ್ತು.

ನೀಲವ್ವನ ಸಿಟ್ಟು ಗಂಡನ ಮೇಲಲ್ಲ, ನನ್ನ ಮೇಲೆ.

"ನೀವ ಹುಗಿದ್ರಿ ಅಣ್ಣಾ. ಎರಡೂ ಸಲ ಹುಗಿದ್ರಿ. ಕೂಸಿನ ಜಾಗಾ ಮಣ್ಣೊಳಗ ಅಂತ ಅದರ ಹೊಟ್ಟಿ ತಿಳಕೊಂಡೈತಿ."

"ಸುಣ್ಣಾ ಹಾಕಿ ಹುಗೀಬೇಕು ಅಂತ ಕಾಯದೇನ ಐತಿ ತಂಗಿ."

"ಸುಣ್ಣಾ ಹಚ್ಚಿದ್ರ ಗ್ವಾಡಿ ಬೆಳ್ಳಗಾಗ್ತಾವ. ಹೊಟ್ಟಿ ತುಂಬೂದಿಲ್ಲ."

ಡಾಕ್ಟರು ಬಂದು ಮಾಸಿನಲ್ಲಿ ಒಂದು ಪಾಲು ಕೇಳಿದಾಗ ಅವಳು ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಎರಡು ಸಲ ಕೈಬಿಟ್ಟ ಗರ್ಭ ಮೂರನೆಯ ಸಲ ನಿಂತರೆ, ಆ ಮಾಸಿನಲ್ಲಿ ಏನಾದರೂ ತಿಳಿಯಬಹುದು ಎಂದು ಡಾಕ್ಟರು ಬಿಡಿಸಿ ಹೇಳಿದರು.

"ನಿಮ್ಮ ಮಾತು ರೇಡಿಯೋದಾಗ ಬಂದಂಗ ಚಂದ ಅದಾವ್ರಿ ಬಾಯಾರ. ಆದ್ರ ಗಿಡಕ್ಕ ಕಟ್ಟೂದು ನಾ ಬಿಡೂದಿಲ್ಲ."

ಕೊನೆಗೆ ಒಪ್ಪಂದವಾಯಿತು. ಅಂಗೈಯಗಲದ ಒಂದು ತುಂಡು ಡಾಕ್ಟರಿಗೆ, ಉಳಿದದ್ದು ಗಿಡಕ್ಕೆ. ಗಂಟು ಕಟ್ಟಲು ನೀಲವ್ವ ತನ್ನ ಅವ್ವನ ಹಳೆಯ ಇಳಕಲ್ ಸೀರೆಯ ಕೆಂಪು ಸೆರಗನ್ನು, ಮೈಯ ಒಂದು ಗೇಣು ಸಮೇತ ಹರಿದು, ಒಗೆದು ಜಂತಿಗೆ ಸಿಗಿಸಿಟ್ಟಳು. ದಿನಾಲೂ ಒಮ್ಮೆ ಅದನ್ನು ಮುಟ್ಟಿ ನೋಡುತ್ತಿದ್ದಳು ಎಂದು ಶಿವಪ್ಪ ನಗುತ್ತಿದ್ದ.

ದಿನ ತುಂಬಿತು. ಬಿಸಿಲೇರುವ ಹೊತ್ತಿಗೆ ಫೋನ್ ಬಂತು. ನಾನೂ ಡಾಕ್ಟರೂ ಐಸಿನ ಡಬ್ಬಿ ಹಿಡಿದು ಹೋಗುವಷ್ಟರಲ್ಲಿ ಕರು ಹೊರಬಿದ್ದಿತ್ತು. ಹೆಣ್ಣು ಕರು, ಉಸಿರಾಡುತ್ತಿತ್ತು. ಗಂಗಿ ಅದನ್ನು ನೆಕ್ಕುತ್ತ ಆ ಬೀಸುಕಲ್ಲಿನ ದನಿ ಮಾಡುತ್ತಿತ್ತು. ನೀಲವ್ವ ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದು ನಿಂತಿದ್ದಳು. ಹತ್ತಿರ ಬಂದರೆ ಎಲ್ಲಿ ಸುಳ್ಳಾಗುತ್ತದೋ ಎಂಬಂತೆ.

ಆದರೆ ಮಾಸು ಬೀಳಲಿಲ್ಲ. ಅರ್ಧ ಹೊರಗೆ, ಅರ್ಧ ಒಳಗೆ ತೂಗುತ್ತಿತ್ತು. ಬಿಸಿಲು ನೆತ್ತಿಗೆ ಬಂತು. ಒಳಗೇ ಉಳಿದು ಕೊಳೆತರೆ ನಂಜೇರಿ ಎಮ್ಮೆ ಹೋಗಬಹುದು.

"ಕೈ ಹಾಕ್ರಿ ಅಣ್ಣಾ" ಎಂದಳು ನೀಲವ್ವ. "ನಿಮ್ಮ ಕೈ ಅದ ಕೆಲಸಕ್ಕ ಹೆಸರಾಗೇತಿ."

ಹುನಗುಂದದ ಹೊಸ ಸಾಹೇಬರಿಗೆ ಫೋನ್ ಮಾಡಿದೆ. ಬೇಡ, ಇನ್ನೂ ಕಾಯಿರಿ ಎಂದರು. ನನ್ನ ಬಲಗೈ ತಾನಾಗಿ ತೋಳು ಏರಿಸುತ್ತಿತ್ತು, ಎಡಗೈ ಇಳಿಸುತ್ತಿತ್ತು. ಎಲ್ಲರೂ ಬೇವಿನ ನೆರಳಲ್ಲಿ ಕೂತೆವು. ಸುಮ್ಮನೆ ಕೂರಲಾರದೆ ನೀಲವ್ವ ಕೇಳಿದಳು.

"ಅದು ಹಂಗ ಗಟ್ಟ್ಯಾಗಿ ಹಿಡಿಯೂದು ಯಾಕ್ರಿ ಬಾಯಾರ? ಯಾರ ಕಲಿಸ್ಯಾರ ಅದಕ್ಕ?"

ಡಾಕ್ಟರು ಹೇಳಿದರು. "ಒಂದು ರೋಗ ಕಲಿಸಿದೆ ನೀಲವ್ವ. ಎಷ್ಟೋ ಹಿಂದೆ ಒಂದು ವೈರಸ್ ಪ್ರಾಣಿಯ ಮೈ ಹೊಕ್ಕಿತು. ಅದಕ್ಕೆ ಗೊತ್ತಿದ್ದದ್ದು ಒಂದೇ ವಿದ್ಯೆ, ಜೀವಕೋಶಕ್ಕೆ ಅಂಟಿಕೊಂಡು ಅದರೊಳಗೆ ಬೆರೆತುಹೋಗೋದು. ಅದು ಬೀಜದೊಳಗೇ ಸೇರಿ ಮಕ್ಕಳಿಗೆ, ಮೊಮ್ಮಕ್ಕಳಿಗೆ ಇಳೀತು. ವೈರಸ್ ಸತ್ತುಹೋಯ್ತು, ಅಂಟಿಸುವ ಜೀನು ಉಳೀತು. ಈಗ ಮಾಸಿನ ಕೋಶಗಳು ಒಂದಕ್ಕೊಂದು ಬೆರೆಯೋದು ಆ ಜೀನಿನಿಂದ."

"ಎಲ್ಲಾ ಪ್ರಾಣಿಗೂ ಒಂದ ಜಡ್ಡ?"

"ಅಲ್ಲ. ಮನುಷ್ಯರಿಗೆ ಬಂದದ್ದು ಒಂದು, ದನ ಕುರಿಗಳ ಕುಲಕ್ಕೆ ಇನ್ನೊಂದು, ನಾಯಿ ಬೆಕ್ಕಿಗೆ ಮತ್ತೊಂದು. ದೂರ ದೇಶದಲ್ಲಿ ಮರಿ ಹಾಕುವ ಒಂದು ಹಾವುರಾಣಿ ಇದೆ, ಅದಕ್ಕೂ ಬೇರೆಯದೇ ಬಂದಿದೆ. ಬೇರೆ ಕಾಲ, ಬೇರೆ ವೈರಸ್. ಕೊನೆಗೆ ಹಿಡಿದ ಕೆಲಸ ಒಂದೇ."

"ಮತ್ತ ಚೇಳಿಗೆ?" ಎಂದೆ.

"ಚೇಳಿನ ದಾರಿ ಬೇರೆ. ಅದು ಇನ್ನೂ ನಮಗೆ ಪೂರ್ತಿ ಗೊತ್ತಿಲ್ಲ."

ಶಿವಪ್ಪ ಬೀಡಿ ಹಚ್ಚುವುದನ್ನು ಮರೆತು ಕಡ್ಡಿ ಹಿಡಿದೇ ಕೂತಿದ್ದ. ನೀಲವ್ವ ಜಂತಿಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡಿದ್ದ ಸೆರಗನ್ನು ಬಿಚ್ಚಿ, ಸೀರೆಯ ಮೈಗೂ ಸೆರಗಿಗೂ ಕೂಡಿಸಿದ ಜಾಗವನ್ನು ಹೆಬ್ಬೆರಳಿಂದ ಸವರಿದಳು. "ಇಲ್ಲಿ ನೋಡ್ರಿ. ಮೈಯಿನ ಎಳಿ ಬ್ಯಾರೆ, ಸೆರಗಿನ ಎಳಿ ಬ್ಯಾರೆ. ಒಂದೊಂದ ಕೊಂಡಿ ಹಾಕಿ ಕೂಡಸ್ತಾರ. ಆ ಕೊಂಡಿ ಹೊರಗಿಂದ ಬಂದದ್ದು ಅಂತೀರೇನು?"

"ಹಾಗೇ ಅನ್ನಿ."

"ಅಂದ್ರ ನನ್ನ ಮಕ್ಕಳನ್ನ ನನಗ ಹಿಡದಿಟ್ಟದ್ದೂ ಒಂದು ಜಡ್ಡು."

"ಹೌದು."

"ಗಂಗಿ ಎರಡು ಸಲಾ ಕೈಬಿಟ್ಟದ್ದು ಯಾಕ?"

"ಗೊತ್ತಿಲ್ಲ ನೀಲವ್ವ. ಅದಕ್ಕೇ ನಂಗೆ ಅಂಗೈಯಗಲ ಬೇಕಾಗಿರೋದು."

ನಾನು ಎದ್ದು ಹೊಸ ಕೈಗವಸು ಹಾಕಿಕೊಂಡು, ನೊಣ ಕೂರದಂತೆ ತೂಗುತ್ತಿದ್ದ ಭಾಗವನ್ನು ತೊಳೆದೆ. ಜಗ್ಗಲಿಲ್ಲ. ಕೈಗೆ ಹಗುರಾಗಿ ಹತ್ತಿತು. ಬಿಡುತ್ತಿದೆ ಎಂದು ಬೆರಳಿಗೆ ಗೊತ್ತಾಯಿತು.

"ಇನ್ನ ಬೀಳ್ತೈತಿ" ಎಂದೆ.

ಈ ಮಾತಿಗೆ ಎಲ್ಲರಿಗೂ ಜೀವ ಬಂದಂತಾಯಿತು, ಕೂಡಲೇ ಜಗಳವೂ ಶುರುವಾಯಿತು. ಅಂಗೈಯಗಲ ಎಂದರೆ ಯಾರ ಅಂಗೈ? ನೀಲವ್ವ ತನ್ನದನ್ನು ಮುಂದೆ ಹಿಡಿದಳು. ಅದು ಸಣ್ಣದು, ಶಿವಪ್ಪನ ಅಂಗೈಯಷ್ಟಾದರೂ ಬೇಕು ಎಂದರು ಡಾಕ್ಟರು. ಶಿವಪ್ಪ ತನ್ನ ಅಗಲದ ಕೈಯನ್ನು ತಕ್ಕಡಿಯ ತಟ್ಟೆಯಂತೆ ಚಾಚಿದ. ಗುಂಡಿಗಳಿರುವ ನಡುವಿನ ಭಾಗ ಬೇಕು ಎಂದರು ಡಾಕ್ಟರು. ನಡುವೆ ತೂತು ಬಿದ್ದರೆ ಹಾಲು ಸೋರುತ್ತದೆ, ಅಂಚಿನಿಂದ ಕೊಯ್ಯಿರಿ ಎಂದಳು ನೀಲವ್ವ. ನಾನು ಪಂಚನಂತೆ ನಡುವೆ ನಿಂತು ಇಬ್ಬರಿಗೂ ಬುದ್ಧಿ ಹೇಳತೊಡಗಿದೆ. ನಾಲ್ಕೂ ಮಂದಿಯ ಬೆನ್ನು ಎಮ್ಮೆಯ ಕಡೆಗಿತ್ತು.

ಹುಡುಗರೇ, ಈ ಕೆಲಸದಲ್ಲಿ ಮೊದಲು ಕಲಿಸುವ ಪಾಠ ಇದು: ಈದ ಎಮ್ಮೆಯ ಮೇಲಿಂದ ಕಣ್ಣು ತೆಗೆಯಬಾರದು.

ಕರು ಕೂಗಿದ್ದಕ್ಕೆ ತಿರುಗಿ ನೋಡಿದೆವು. ಗಂಗಿ ತಲೆ ಎತ್ತಿ ನಿಂತಿತ್ತು. ಬಾಯಿಯಿಂದ ಕೆಂಪು ಪೊರೆಯ ಕೊನೆಯ ಮೊಳ ತೂಗುತ್ತಿತ್ತು, ಒದ್ದೆ ಬಟ್ಟೆಯಂತೆ. ಹುಲ್ಲಲ್ಲದೆ ಬೇರೇನೂ ತಿನ್ನದ ಬಾಯಿ, ಅವಸರವಿಲ್ಲದೆ, ನಮ್ಮನ್ನೇ ನೋಡುತ್ತ, ಅದನ್ನು ಒಳಗೆ ಎಳೆದುಕೊಳ್ಳುತ್ತಿತ್ತು. ಆ ಕಣ್ಣಲ್ಲಿ ಹಸಿವೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ಕೊಟ್ಟಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವವರು ಹಾಗೆ ನೋಡುತ್ತಾರೆ. ನೀಲವ್ವ ಓಡಿಹೋಗಿ ತುದಿ ಹಿಡಿದಳು. ಅದು ಅವಳ ಬೆರಳುಗಳ ನಡುವಿಂದ ಜಾರಿ ಒಳಗೆ ಹೋಯಿತು. ಗಂಟಲು ಒಮ್ಮೆ ಏರಿ ಇಳಿಯಿತು.

ಆಮೇಲೆ ಶಿವಪ್ಪ ತನ್ನ ಚಾಚಿದ ಅಂಗೈಯನ್ನು ನೋಡಿ ಮೆಲ್ಲಗೆ ಮಡಚಿಕೊಂಡ. "ಪಾಲು ಮುಗೀತು" ಎಂದ.

ನಾನು ಕೈಗವಸು ತೆಗೆಯಲು ಹೋದಾಗ ಬೆರಳಿನ ಸಂದಿಯಲ್ಲಿ ಉಗುರಿನಷ್ಟು ಒಂದು ಚೂರು ಕಂಡಿತು. ತೊಳೆಯುವಾಗ ಅಂಟಿಕೊಂಡದ್ದು, ಇನ್ನೂ ಹಸಿಯಾಗಿತ್ತು. ಡಾಕ್ಟರು ಚಿಮಟ ತೆಗೆದರು, ಆದರೆ ಮುಟ್ಟಲಿಲ್ಲ. ನೀಲವ್ವನ ಮುಖ ನೋಡಿದರು. ಉಳಿದದ್ದು ಅಷ್ಟೇ. ಗಿಡಕ್ಕಾದರೂ ಹೋಗಬೇಕು, ಡಬ್ಬಿಗಾದರೂ ಹೋಗಬೇಕು.

ನೀಲವ್ವ ಸೆರಗನ್ನು ಎರಡು ಸಲ ಮಡಚಿ, ಎರಡು ಸಲ ಬಿಚ್ಚಿದಳು.

"ಒಯ್ಯಿರಿ" ಎಂದಳು. "ಆದ್ರ ಯಾಕ ಕೈಬಿಟ್ಟಿತ್ತು ಅಂತ ತಿಳಿದ ದಿನಾ ಮೊದಲ ನನಗ ಹೇಳಬೇಕು. ಈ ಅಣ್ಣಾರಿಗಲ್ಲ, ನನಗ."

ಅಂದು ಇಳಿಹೊತ್ತಿನಲ್ಲಿ ಅವಳು ಸೆರಗನ್ನು ಗಂಟು ಕಟ್ಟಿ, ಆಲದ ಗಿಡದ ಒಂದು ಟೊಂಗೆಗೆ ಬಿಗಿದಳು. ಒಳಗೆ ಏನೂ ಇರಲಿಲ್ಲ.

"ಖಾಲಿ ಗಂಟ ಕಟ್ಟತೀಯಲ್ಲ" ಎಂದ ಶಿವಪ್ಪ.

"ಒಳಗ ಏನೈತಿ ಅಂತ ಗಿಡಕ್ಕೇನ ಗೊತ್ತು? ಸುಮ್ನಿರು."

ಗಂಗಿಗೆ ಜ್ವರ ಬರಲಿಲ್ಲ. ಹಾಲು ಇಳಿಯಿತು, ಕರು ಬೆಳೆಯಿತು. ಶಿವಪ್ಪ ಅಮೀನಗಡದ ಹೆಸರು ಮತ್ತೆ ಎತ್ತಲಿಲ್ಲ. ಡಾಕ್ಟರು ಮಾತಿಗೆ ತಪ್ಪದೆ ನೀಲವ್ವನ ಫೋನಿಗೇ ಮೊದಲು ಕರೆ ಮಾಡಿದರು. ಆ ಚೂರಿನಲ್ಲಿ ಅಂಟಿಸುವ ಜೀನು ಎಚ್ಚರವಾಗಿಯೇ ಇತ್ತಂತೆ. ಆದರೆ ಮೊದಲು ಎರಡು ಸಲ ಏಕೆ ಕೈಬಿಟ್ಟಿತು ಎಂದು ಒಂದು ಚೂರಿನಿಂದ ಹೇಳಲಾಗುವುದಿಲ್ಲ, ಇನ್ನೂ ಹುಡುಕುತ್ತಿದ್ದೇನೆ ಎಂದರಂತೆ. "ಗೊತ್ತಿಲ್ಲ ಅಂತ ಹೇಳಾಕ ಫೋನ್ ಮಾಡಿದ್ರು ನೋಡ್ರಿ. ಅದಕ್ಕ ನನಗ ಅವರ ಮ್ಯಾಲ ನಂಬಿಗಿ ಬಂತು" ಎಂದಳು ನೀಲವ್ವ.

ನಿವೃತ್ತಿಯಾದ ಮೇಲೆ ಒಮ್ಮೆ ಆ ಕಡೆ ಹೋದೆ. ನೀಲವ್ವ ಎಮ್ಮೆ ಮೇಯಿಸಲು ಹೊರಟಿದ್ದಳು, ಜೊತೆಗೆ ನಡೆದೆ. ಗಂಗಿ ಮುಂದೆ, ಕರು ಅದರ ಪಕ್ಕದಲ್ಲಿ. ಆಲದ ಗಿಡದ ಕೆಳಗೆ ಬಂದಾಗ ಗಂಗಿ ಹಸಿ ಗಂಟುಗಳ ಕೆಳಗೆ ತಲೆ ಎತ್ತದೆ ಹಾಯ್ದುಹೋಯಿತು. ಬಣ್ಣ ಮಾಸಿದ ಕೆಂಪು ಸೆರಗಿನ ಕೆಳಗೆ ನಿಂತಿತು. ಮುಖ ಮೇಲೆ ಮಾಡಿ, ಬಾಯಿ ತೆರೆಯದೆ, ಆ ದನಿ ಮಾಡಿತು.

ಹಿನ್ನೀರಿನ ದಂಡೆಯಲ್ಲಿ ಕೇಳಿದ್ದ ಅದೇ ಬೀಸುಕಲ್ಲಿನ ದನಿ.

"ದಿನಾ ಹಿಂಗ ಅಣ್ಣಾ" ಎಂದಳು ನೀಲವ್ವ.

"ಕರಾ ಬಾಜೂಕ ಐತಲ್ಲ. ಮತ್ತ ಯಾರಿಗೆ?"

"ಇದಕ್ಕಲ್ಲ. ಮೊದಲಿನ ಎರಡಕ್ಕ."

ಗಿಡದ ಆಚೆ ನಾನು ತೋಡಿದ್ದ ಕಲ್ಲುನೆಲ ಬಿಸಿಲಿಗೆ ಬೆಳ್ಳಗೆ ಕಾಣುತ್ತಿತ್ತು. ಗಂಗಿ ಅದರ ಕಡೆ ತಿರುಗಿಯೂ ನೋಡಲಿಲ್ಲ. ಖಾಲಿ ಗಂಟನ್ನೇ ನೋಡುತ್ತಿತ್ತು. ಕರು ಬಗ್ಗಿ ಕೆಚ್ಚಲಿಗೆ ಬಾಯಿ ಹಾಕಿತು. ಗಂಗಿ ಮೇಲೆ ನೋಡುತ್ತಲೇ ಹಿಂಗಾಲು ಅಗಲಿಸಿ ನಿಂತು ಹಾಲು ಬಿಟ್ಟಿತು. ಕರುವಿನ ಬಾಯಂಚಿನಲ್ಲಿ ನೊರೆ ಬಂತು. ಗಾಳಿ ಇಲ್ಲದಿದ್ದರೂ ಸೆರಗು ಒಂದು ಸುತ್ತು ತಿರುಗಿ ನಿಂತಿತು.

ನೀಲವ್ವ ಗಂಟು ಬಿಚ್ಚಲು ಹೋಗಲಿಲ್ಲ. ಬಿಚ್ಚು ಎಂದು ನಾನೂ ಹೇಳಲಿಲ್ಲ.